ಹೊಗೆ ಬಿಟ್ಟವರು ಅವರು, ನಾವ್ಯಾಕೆ ಫ್ಯಾನ್ ಆರಿಸಬೇಕು?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಒಂಬತ್ತನೇ ತರಗತಿಯಲ್ಲಿ ಹವಾಮಾನ ಬದಲಾವಣೆಯ ಪಾಠ ನಡೆಯುತ್ತಿತ್ತು. ವಿದ್ಯುತ್ ಉಳಿಸಿ ಎಂದು ಹೇಳುತ್ತಿದ್ದಂತೆ ಒಬ್ಬ ಹುಡುಗ ಎದ್ದು, "ಮಿಸ್, ಹೊಗೆ ಬಿಟ್ಟವರು ಶ್ರೀಮಂತ ದೇಶದವರು, ನಾವ್ಯಾಕೆ ಫ್ಯಾನ್ ಆರಿಸಬೇಕು?" ಎಂದು ಕೇಳಿದ. ಒಬ್ಬ ಹುಡುಗಿ, "ಈಗ ಎಲ್ಲರಿಗಿಂತ ಜಾಸ್ತಿ ಬಿಡೋದು ಚೀನಾ, ಅವರನ್ನ ಕೇಳಬೇಕು" ಎಂದಳು. ತರಗತಿ ಎರಡು ಗುಂಪಾಗಿ ಗಲಾಟೆಯಾಯಿತು. ಗಂಟೆ ಹೊಡೆದ ಮೇಲೆ ಇನ್ನೊಬ್ಬ ಹುಡುಗಿ ಮೆಲ್ಲಗೆ ಬಂದು, "ನಾವು ದೊಡ್ಡವರಾಗೋ ಹೊತ್ತಿಗೆ ಎಲ್ಲಾ ಮುಗಿದಿರುತ್ತಾ ಮಿಸ್?" ಎಂದಳು. ನನಗೆ ಮೂವರಿಗೂ ಉತ್ತರ ಹೊಳೆಯಲಿಲ್ಲ. ಪಕ್ಷ ಕಟ್ಟದೆ, ಹೆದರಿಸದೆ ಇದನ್ನು ಕಲಿಸುವುದು ಹೇಗೆ?

ಉತ್ತರ: ಮೇಡಂ, ನಿಮ್ಮ ತರಗತಿಯಲ್ಲಿ ನಡೆದ ಜಗಳ ಹೊಸದೇನಲ್ಲ. ವಿಶ್ವಸಂಸ್ಥೆಯ ಹವಾಮಾನ ಸಭೆಗಳಲ್ಲಿ ದೇಶಗಳು 30 ವರ್ಷದಿಂದ ಇದೇ ಜಗಳ ಆಡುತ್ತಿವೆ. ಅವರು ಕೋಟು ಹಾಕಿಕೊಂಡು ಆಡುತ್ತಾರೆ, ಮಾತು ಸ್ವಲ್ಪ ನಯವಾಗಿರುತ್ತದೆ, ಅಷ್ಟೇ. ನಿಮ್ಮ ಹುಡುಗ ಹೇಳಿದ್ದೂ ನಿಜ, ಹುಡುಗಿ ಹೇಳಿದ್ದೂ ನಿಜ. ಇಬ್ಬರೂ ಬೇರೆ ಬೇರೆ ಅಳತೆಗೋಲು ಹಿಡಿದು ಮಾತಾಡುತ್ತಿದ್ದಾರೆ, ಅದು ಅವರಿಗೇ ಗೊತ್ತಿಲ್ಲ. ಈ ಪಾಠದಲ್ಲಿ ಕಲಿಸಬೇಕಾದ ಮುಖ್ಯ ವಿಷಯ ಆ ಅಳತೆಗೋಲೇ. ಉಳಿದದ್ದು ಅದರ ಹಿಂದೆ ಬರುತ್ತದೆ.

ಆದರೆ ಅದಕ್ಕೂ ಮೊದಲು ಒಂದು ತೊಟ್ಟಿ ಬೇಕು. ಬೋರ್ಡಿನ ಮೇಲೆ ಬರೆದರೆ ಸಾಕು. ಮೇಲೊಂದು ನಲ್ಲಿ, ಕೆಳಗೊಂದು ಸಣ್ಣ ತೂತು. ನಲ್ಲಿಯಿಂದ ಬೀಳುವುದು ನಾವು ಬಿಡುವ ಕಾರ್ಬನ್ ಡೈಆಕ್ಸೈಡ್. ತೂತಿನಿಂದ ಹೋಗುವುದು ಸಮುದ್ರ, ಕಾಡು, ಮಣ್ಣು ಹೀರಿಕೊಳ್ಳುವ ಪಾಲು. ನಾವು ಬಿಟ್ಟದ್ದರಲ್ಲಿ ಸುಮಾರು ಅರ್ಧದಷ್ಟನ್ನು ಅವು ಹೀರಿಕೊಳ್ಳುತ್ತವೆ. ಉಳಿದದ್ದು ಗಾಳಿಯಲ್ಲಿ ಸೇರುತ್ತಾ ಹೋಗುತ್ತದೆ. ಈಗ ಮಕ್ಕಳನ್ನು ಕೇಳಿ: ನಲ್ಲಿಯನ್ನು ಇನ್ನಷ್ಟು ತಿರುಗಿಸದೆ, ಈಗ ಎಷ್ಟಿದೆಯೋ ಅಷ್ಟಕ್ಕೇ ಬಿಟ್ಟರೆ ತೊಟ್ಟಿಯ ನೀರು ಏನಾಗುತ್ತದೆ?

ಅರ್ಧಕ್ಕರ್ಧ ಮಕ್ಕಳು "ಅಲ್ಲೇ ನಿಲ್ಲುತ್ತೆ" ಅನ್ನುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ. ಜಾನ್ ಸ್ಟರ್ಮನ್ ಮತ್ತು ಲಿಂಡಾ ಬೂತ್ ಸ್ವೀನಿ ಎಂಬ ಸಂಶೋಧಕರು ಇಂಥದ್ದೇ ಪ್ರಶ್ನೆಯನ್ನು ಅಮೆರಿಕದ ಎಂಐಟಿಯ ಸ್ನಾತಕೋತ್ತರ ವಿದ್ಯಾರ್ಥಿಗಳಿಗೆ ಕೊಟ್ಟಿದ್ದರು. 2007ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಅಲ್ಲೂ ಹೆಚ್ಚಿನವರು ತಪ್ಪಿದ್ದರು. ಬೀಳುವುದು ಹೋಗುವುದಕ್ಕಿಂತ ಜಾಸ್ತಿ ಇರುವವರೆಗೂ ತೊಟ್ಟಿ ತುಂಬುತ್ತಲೇ ಇರುತ್ತದೆ. ಇಷ್ಟು ತಲೆಗೆ ಹೋಗದಿದ್ದರೆ 1850ರ ಹೊಗೆಯ ಬಗ್ಗೆ ಇವತ್ತು ಯಾಕೆ ಮಾತಾಡಬೇಕು ಅನ್ನುವುದೇ ಮಕ್ಕಳಿಗೆ ತಿಳಿಯುವುದಿಲ್ಲ. ನಿನ್ನೆಯ ಕಸ ನಿನ್ನೆಯೇ ಹೋಯಿತಲ್ಲ ಅಂದುಕೊಳ್ಳುತ್ತಾರೆ. ಅದು ಹೋಗಿಲ್ಲ, ತೊಟ್ಟಿಯಲ್ಲೇ ಇದೆ.

ತೊಟ್ಟಿಗೆ ಅಂಕಿಯನ್ನೂ ಕೊಡಿ. ಕೈಗಾರಿಕೆಗಳು ಬರುವ ಮೊದಲು ಗಾಳಿಯ ಪ್ರತಿ ಹತ್ತು ಲಕ್ಷ ಅಣುಗಳಲ್ಲಿ ಸುಮಾರು 280 ಕಾರ್ಬನ್ ಡೈಆಕ್ಸೈಡ್ ಅಣುಗಳಿದ್ದವು. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಎಂಬ ವಿಜ್ಞಾನಿ ಹವಾಯಿಯ ಮೌನಾ ಲೋವಾ ಬೆಟ್ಟದಲ್ಲಿ ಅಳೆಯಲು ಶುರು ಮಾಡಿದಾಗ ಅದು 315ರ ಆಸುಪಾಸಿನಲ್ಲಿತ್ತು. ಈಗ 420 ದಾಟಿದೆ. ಬಿಸಿಯ ಲೆಕ್ಕವೂ ಆಶ್ಚರ್ಯವಾಗುವಷ್ಟು ಸರಳ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ ಆರನೇ ವರದಿಯ ಪ್ರಕಾರ ಪ್ರತಿ ಒಂದು ಲಕ್ಷ ಕೋಟಿ ಟನ್ ಕಾರ್ಬನ್ ಡೈಆಕ್ಸೈಡಿಗೆ ಭೂಮಿ ಸುಮಾರು 0.45 ಡಿಗ್ರಿ ಬಿಸಿಯಾಗುತ್ತದೆ. ಆ ಟನ್ನು ಯಾವ ದೇಶದ ಚಿಮಣಿಯಿಂದ ಬಂತು, ಯಾವ ವರ್ಷ ಬಂತು ಅನ್ನುವುದು ಗಾಳಿಗೆ ಬೇಕಿಲ್ಲ. ಅದು ಬೇಕಾಗಿರುವುದು ನಮಗೆ, ಪಾಲು ಹಂಚುವಾಗ.

ಈಗ ಅಳತೆಗೋಲಿಗೆ ಬರೋಣ. ನಾನು ಮಾಡುವ ರೀತಿ ಹೇಳುತ್ತೇನೆ. ನಾಲ್ಕು ದೇಶಗಳ ಅಂಕಿಗಳನ್ನು ಹೆಸರಿಲ್ಲದೆ ಎ, ಬಿ, ಸಿ, ಡಿ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ. ಐರೋಪ್ಯ ಒಕ್ಕೂಟವನ್ನೂ ಒಂದು ದೇಶ ಅಂತಲೇ ಹಿಡಿಯುತ್ತೇನೆ. ಮೊದಲು ಒಂದೇ ಸಾಲು, ಈ ವರ್ಷ ಯಾರು ಎಷ್ಟು ಬಿಟ್ಟರು ಅನ್ನುವುದು. ಕಲ್ಲಿದ್ದಲು, ತೈಲ, ಅನಿಲ, ಸಿಮೆಂಟಿನಿಂದ ಜಗತ್ತು ವರ್ಷಕ್ಕೆ ಬಿಡುವುದು ಸುಮಾರು 3,700 ಕೋಟಿ ಟನ್. ಅದರಲ್ಲಿ ಎ ದೇಶದ ಪಾಲು ಹೆಚ್ಚುಕಡಿಮೆ ಮೂರನೇ ಒಂದು. ಬಿ ಶೇ 13ರಷ್ಟು, ಸಿ ಶೇ 8, ಡಿ ಶೇ 7. "ಯಾರು ಎಷ್ಟು ಕಡಿಮೆ ಮಾಡಬೇಕು?" ಎಂದು ಕೇಳಿದರೆ ಇಡೀ ತರಗತಿ ಎ ಕಡೆ ಬೆರಳು ತೋರಿಸುತ್ತದೆ.

ಆಮೇಲೆ ಎರಡನೇ ಸಾಲು, ತಲೆಗೆ ಎಷ್ಟು ಅನ್ನುವುದು. ಬಿ ದೇಶದಲ್ಲಿ ಒಬ್ಬರಿಗೆ ವರ್ಷಕ್ಕೆ ಸುಮಾರು 14 ಟನ್, ಎ ದೇಶದಲ್ಲಿ 8, ಡಿಯಲ್ಲಿ 6ರ ಆಸುಪಾಸು, ಸಿಯಲ್ಲಿ 2. ಜಗತ್ತಿನ ಸರಾಸರಿ 4.7ರಷ್ಟು. ತರಗತಿಯಲ್ಲಿ ಗುಸುಗುಸು ಶುರುವಾಗುತ್ತದೆ. ಸಿ ದೇಶ ಮೊದಲ ಸಾಲಿನಲ್ಲಿ ಡಿಗಿಂತ ಮುಂದಿತ್ತಲ್ಲ, ಇಲ್ಲಿ ಯಾಕೆ ಕೊನೆಗೆ ಹೋಯಿತು? ಜನ ಜಾಸ್ತಿ ಇದ್ದಾರೆ, ಅದಕ್ಕೆ. ಹಾಗಾದರೆ ಜನ ಜಾಸ್ತಿ ಇರುವುದು ತಪ್ಪಾ? ಈ ಪ್ರಶ್ನೆ ಮಕ್ಕಳ ಬಾಯಿಂದಲೇ ಬರುತ್ತದೆ. ಬರದಿದ್ದರೆ ಸ್ವಲ್ಪ ಕಾಯಿರಿ, ನೀವಾಗಿ ಕೇಳಬೇಡಿ.

ಮೂರನೇ ಸಾಲು ಹಳೆಯ ಲೆಕ್ಕ. 1750ರಿಂದ ಈವರೆಗೆ ತೊಟ್ಟಿಗೆ ಸುರಿದದ್ದರಲ್ಲಿ ಬಿ ದೇಶದ ಪಾಲು ಸುಮಾರು ಕಾಲು ಭಾಗ. ಡಿ ಶೇ 17ರಷ್ಟು. ಎ ಶೇ 15ರ ಹತ್ತಿರ. ಸಿ ಶೇ 3 ಅಥವಾ 4. ಇಲ್ಲಿಗೆ ಬಂದಾಗ ಮೊದಲ ಬೆರಳುಗಳು ಕೆಳಗಿಳಿದಿರುತ್ತವೆ.

ನಾಲ್ಕನೆಯದು ಬೇಗ ಹೇಳಿ ಮುಗಿಸಬಹುದು. ಆದರೆ ಬಿಡಬೇಡಿ. ಒಂದು ದೇಶದಲ್ಲಿ ತಯಾರಾದ ವಸ್ತುವನ್ನು ಇನ್ನೊಂದು ದೇಶದವರು ಬಳಸುತ್ತಾರೆ. ಹೊಗೆ ತಯಾರಿಸಿದವರ ಖಾತೆಗೋ, ಬಳಸಿದವರ ಖಾತೆಗೋ? ಬಳಸಿದವರ ಖಾತೆಗೆ ಬರೆದರೆ ಎ ದೇಶದ ಲೆಕ್ಕ ಈಗಿರುವುದಕ್ಕಿಂತ ಸುಮಾರು ಶೇ 10ರಷ್ಟು ಕಡಿಮೆಯಾಗುತ್ತದೆ. ಸ್ವಿಟ್ಜರ್ಲೆಂಡಿನ ಲೆಕ್ಕ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಅಂತರರಾಷ್ಟ್ರೀಯ ವಿಮಾನ, ಹಡಗುಗಳ ಹೊಗೆಯನ್ನಂತೂ ಯಾವ ದೇಶದ ಲೆಕ್ಕಕ್ಕೂ ಸೇರಿಸುವುದಿಲ್ಲ, ಬೇರೆ ಸಾಲಿನಲ್ಲಿ ಬರೆದಿಡುತ್ತಾರೆ. ಮಕ್ಕಳಿಗೆ ಇದು ಬಹಳ ತಮಾಷೆ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸುತ್ತದೆ.

ಇಷ್ಟಾದ ಮೇಲೆ ಹೆಸರು ಬಿಚ್ಚಿ. ಎ ಚೀನಾ, ಬಿ ಅಮೆರಿಕ, ಸಿ ಭಾರತ, ಡಿ ಐರೋಪ್ಯ ಒಕ್ಕೂಟ. ಹೆಸರು ಮೊದಲೇ ಗೊತ್ತಿದ್ದರೆ ಮಕ್ಕಳು ತಮಗೆ ಬೇಕಾದ ಸಾಲನ್ನು ಹುಡುಕಿಕೊಂಡು ಅದರ ಮೇಲೇ ವಾದ ಕಟ್ಟುತ್ತಾರೆ. ದೊಡ್ಡವರೂ ಮಾಡುವುದು ಅದನ್ನೇ. ಹೆಸರು ಗೊತ್ತಿಲ್ಲದಾಗ ನ್ಯಾಯದ ಬಗ್ಗೆ ಯೋಚಿಸಿರುತ್ತಾರೆ. ಹೆಸರು ಬಿಚ್ಚಿದ ಮೇಲೆ, ಹತ್ತು ನಿಮಿಷದ ಹಿಂದೆ ತಾವೇ ಹೇಳಿದ ಮಾತನ್ನು ಹಿಂತೆಗೆದುಕೊಳ್ಳಲು ಕಷ್ಟವಾಗುತ್ತದೆ. ಆ ಒದ್ದಾಟವೇ ನಮಗೆ ಬೇಕಾಗಿರುವುದು. ಒಂದು ಎಚ್ಚರಿಕೆ. ಎಲ್ಲ ಅಂಕಿಗೂ ಪಕ್ಕದಲ್ಲಿ ವರ್ಷ ಬರೆಸಿ. ಇವು ವರ್ಷ ವರ್ಷ ಬದಲಾಗುತ್ತವೆ. ಹಾಗೆಯೇ ಕೆಲವು ಕಡೆ ಬರೀ ಕಾರ್ಬನ್ನಿನ ತೂಕ ಕೊಟ್ಟಿರುತ್ತಾರೆ, ಕೆಲವು ಕಡೆ ಕಾರ್ಬನ್ ಡೈಆಕ್ಸೈಡಿನದು. ಒಂದು ಟನ್ ಕಾರ್ಬನ್ ಅಂದರೆ 3.67 ಟನ್ ಕಾರ್ಬನ್ ಡೈಆಕ್ಸೈಡ್. ಮೇಷ್ಟ್ರುಗಳೇ ಇಲ್ಲಿ ಎಡವಿದ್ದನ್ನು ನೋಡಿದ್ದೇನೆ.

ಹಳೆಯ ಲೆಕ್ಕದ ಸಾಲು ಬಂದ ಕೂಡಲೇ ಒಬ್ಬರಾದರೂ ಕೇಳುತ್ತಾರೆ: "ತಾತ ಮಾಡಿದ್ದಕ್ಕೆ ಮೊಮ್ಮಗ ಯಾಕೆ ತಲೆ ಕೊಡಬೇಕು? ಅವರಿಗೆ ಗೊತ್ತೇ ಇರಲಿಲ್ಲವಲ್ಲ?" ಇದು ಒಳ್ಳೆಯ ಪ್ರಶ್ನೆ, ಇದನ್ನು ತಳ್ಳಿಹಾಕಬೇಡಿ. ಕಲ್ಲಿದ್ದಲು ಸುಟ್ಟರೆ ಭೂಮಿ ಬಿಸಿಯಾಗಬಹುದು ಎಂದು ಸ್ವೀಡನ್ನಿನ ವಿಜ್ಞಾನಿ ಸ್ವಾಂತೆ ಅರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಅದಕ್ಕಿಂತ 40 ವರ್ಷ ಮೊದಲು, 1856ರಲ್ಲಿ, ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಈ ಅನಿಲ ತುಂಬಿ ಬಿಸಿಲಿಗಿಟ್ಟು, ಅದು ಮಾಮೂಲಿ ಗಾಳಿಗಿಂತ ಜಾಸ್ತಿ ಕಾಯುತ್ತದೆ ಎಂದು ತೋರಿಸಿದ್ದರು. ಹಾಗಂತ ಆ ಕಾಲದ ಗಿರಣಿ ಕೂಲಿಯವನಿಗೆ ಇದು ಗೊತ್ತಿತ್ತು ಎಂದು ಹೇಳಲಾಗುವುದಿಲ್ಲ. ಆದರೆ ಇನ್ನೊಂದು ಅಂಕಿ ಇದೆ. 1850ರಿಂದ 2019ರವರೆಗೆ ಮನುಷ್ಯರು ಬಿಟ್ಟ ಒಟ್ಟು ಸುಮಾರು 2.4 ಲಕ್ಷ ಕೋಟಿ ಟನ್ನಿನಲ್ಲಿ ಶೇ 42ರಷ್ಟು 1990ರಿಂದ ಈಚೆಗೆ ಬಿಟ್ಟದ್ದು. ಐಪಿಸಿಸಿಯ ಮೊದಲ ವರದಿ ಬಂದದ್ದೂ 1990ರಲ್ಲೇ. ಅಂದರೆ ತೊಟ್ಟಿಯ ಅರ್ಧಕ್ಕೆ ಸ್ವಲ್ಪ ಕಡಿಮೆ ತುಂಬಿದ್ದು ಗೊತ್ತಿದ್ದೂ. "ಗೊತ್ತಿರಲಿಲ್ಲ" ಅನ್ನುವ ವಾದ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ.

ಆ ಮೊದಲಿನ ಪಾಲಿನ ಬಗ್ಗೆ? ನಾನು ಮಕ್ಕಳಿಗೆ ಕೇಳುವುದು ಹೀಗೆ. ತಾತ ಸಾಲ ಮಾಡಿ ಮನೆ ಕಟ್ಟಿಸಿದ. ಮೊಮ್ಮಗ ಆ ಮನೆಯಲ್ಲೇ ಇದ್ದಾನೆ. ಸಾಲ ಕೊಟ್ಟವರು ಬಾಗಿಲಿಗೆ ಬಂದರೆ "ಸಹಿ ನನ್ನದಲ್ಲ" ಅನ್ನುವುದು ಸರಿಯೇ? ಮನೆ ಬೇಕು, ಸಾಲ ಬೇಡ ಅಂದ್ರೆ ಹೇಗೆ? ರಸ್ತೆ, ರೈಲು, ಕಾರ್ಖಾನೆ, ವಿಶ್ವವಿದ್ಯಾಲಯ ಎಲ್ಲಾ ಆ ಹೊಗೆಯ ಕಾಲದಲ್ಲಿ ಬಂದ ಆಸ್ತಿ. ಕೆಲವು ಮಕ್ಕಳು ಒಪ್ಪುವುದಿಲ್ಲ. "ಔಷಧಿ, ಯಂತ್ರ ಎಲ್ಲಾ ಜಗತ್ತಿಗೇ ಸಿಕ್ಕಿತಲ್ಲ" ಎಂದು ಎದುರು ವಾದ ಹಾಕುತ್ತಾರೆ. ಅದರಲ್ಲೂ ಹುರುಳಿದೆ. ಇಲ್ಲಿ ನೀವು ತೀರ್ಪು ಕೊಡಬೇಕಾಗಿಲ್ಲ.

ಇಲ್ಲಿ ಮೂರು ಪದಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ: ತಪ್ಪು, ಹೊಣೆ, ಶಕ್ತಿ. ಮಕ್ಕಳು ಇವನ್ನು ಕಲಸಿಬಿಡುತ್ತಾರೆ. ತಪ್ಪು ನನ್ನದಲ್ಲದಿದ್ದರೂ ಹೊಣೆ ನನ್ನ ಮೇಲೆ ಬರಬಹುದು, ಮೊಮ್ಮಗನ ಹಾಗೆ. ಹೊಣೆ ಇದ್ದರೂ ಶಕ್ತಿ ಇಲ್ಲದಿರಬಹುದು. 1992ರಲ್ಲಿ ರಿಯೊದಲ್ಲಿ ದೇಶಗಳು ಸಹಿಗಿಟ್ಟ ಹವಾಮಾನ ಒಪ್ಪಂದದ ತಿರುಳೂ ಇದೇ. ಹೊಣೆ ಎಲ್ಲರದೂ, ಆದರೆ ಪಾಲು ಬೇರೆ ಬೇರೆ, ಅವರವರ ಶಕ್ತಿಗೆ ತಕ್ಕಂತೆ. ಆ ಸಾಲನ್ನು ಹೇಗೆ ಓದಬೇಕು ಅನ್ನುವುದರ ಮೇಲೆ ಜಗಳ ಇನ್ನೂ ನಿಂತಿಲ್ಲ. 1997ರ ಕ್ಯೋಟೊ ಒಪ್ಪಂದ ಶ್ರೀಮಂತ ದೇಶಗಳಿಗೆ ಮಾತ್ರ ಗುರಿ ಕಟ್ಟಿತು. ಅಮೆರಿಕ ಸಹಿ ಹಾಕಿದರೂ ಅದನ್ನು ಅನುಮೋದಿಸಲಿಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಎಲ್ಲ ದೇಶಗಳೂ ತಮ್ಮ ತಮ್ಮ ಗುರಿಯನ್ನು ತಾವೇ ಬರೆದುಕೊಂಡು ಬಂದವು. ಬಡ ದೇಶಗಳಿಗೆ ವರ್ಷಕ್ಕೆ 100 ಬಿಲಿಯನ್ ಡಾಲರ್ ನೆರವು 2020ರ ಹೊತ್ತಿಗೆ ಸಿಗುತ್ತದೆ ಎಂದು 2009ರಲ್ಲಿ ಮಾತು ಕೊಟ್ಟಿದ್ದರು. ಆ ಮೊತ್ತ ಮುಟ್ಟಿದ್ದು 2022ರಲ್ಲಿ. ಹೋಮ್‌ವರ್ಕ್ ಎರಡು ವರ್ಷ ತಡ ಅಂದರೆ ಮಕ್ಕಳಿಗೆ ಚೆನ್ನಾಗಿ ಅರ್ಥವಾಗುತ್ತದೆ.

"ದೇಶಗಳು ಒಟ್ಟಿಗೆ ಏನೂ ಮಾಡಲ್ಲ ಬಿಡಿ" ಎಂದು ಯಾರಾದರೂ ಅಂದರೆ ಓಝೋನ್ ಕಥೆ ಹೇಳಿ. ಓಝೋನ್ ಪದರವನ್ನು ಹಾಳುಮಾಡುವ ರಾಸಾಯನಿಕಗಳನ್ನು ನಿಲ್ಲಿಸಲು ಮಾಡಿಕೊಂಡ 1987ರ ಮಾಂಟ್ರಿಯಲ್ ಒಪ್ಪಂದದಲ್ಲಿ ಬಡ ದೇಶಗಳಿಗೆ ಹತ್ತು ವರ್ಷ ಜಾಸ್ತಿ ಸಮಯ ಕೊಟ್ಟರು. ಆಮೇಲೆ ಖರ್ಚಿಗೆ ಒಂದು ನಿಧಿಯನ್ನೂ ಮಾಡಿದರು. ಪಾಲು ಬೇರೆ ಬೇರೆ, ಕೆಲಸ ಎಲ್ಲರದೂ. ಅದು ನಡೆಯಿತು, ಓಝೋನ್ ಪದರ ಚೇತರಿಸಿಕೊಳ್ಳುತ್ತಿದೆ. ಕಲ್ಲಿದ್ದಲು ಬಿಡುವುದು ಅದಕ್ಕಿಂತ ಬಹಳ ಕಷ್ಟ ಅನ್ನುವುದನ್ನೂ ಜೊತೆಗೇ ಹೇಳಬೇಕು. ಅಲ್ಲಿ ಬಿಡಬೇಕಾಗಿದ್ದದ್ದು ಕೆಲವು ರಾಸಾಯನಿಕಗಳನ್ನು ಮಾತ್ರ. ಇಲ್ಲಿ ಇಡೀ ಜಗತ್ತಿನ ಯಂತ್ರಗಳೆಲ್ಲ ಸೇರುತ್ತವೆ.

ಇನ್ನು ನಿಮ್ಮ ಹುಡುಗನ ಫ್ಯಾನ್. ಸುಮ್ನೆ ಲೆಕ್ಕ ಹಾಕಿಸಿ. 75 ವಾಟ್ ಫ್ಯಾನ್ ಹತ್ತು ಗಂಟೆ ತಿರುಗಿದರೆ ಮುಕ್ಕಾಲು ಯೂನಿಟ್. ಕಲ್ಲಿದ್ದಲಿನ ವಿದ್ಯುತ್ತಾದರೆ ಯೂನಿಟ್ಟಿಗೆ ಸುಮಾರು ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್. ಹಾಗಾಗಿ ಮುಕ್ಕಾಲು ಕಿಲೋ. ಅದರ ಪಕ್ಕದಲ್ಲಿ 3,700 ಕೋಟಿ ಟನ್ ಬರೆಸಿ. ಹುಡುಗನ ಅನುಮಾನ ನ್ಯಾಯವಾದದ್ದು ಎಂದು ಒಪ್ಪಿಕೊಳ್ಳಿ. ಒಪ್ಪಿಕೊಂಡರೆ ಆತ ಮುಂದಿನ ಮಾತು ಕೇಳುತ್ತಾನೆ. ಅದೇ ಫ್ಯಾನಿಗೆ ಗಾಳಿಯಿಂದಲೋ ಬಿಸಿಲಿನಿಂದಲೋ ವಿದ್ಯುತ್ ಬಂದರೆ ಆ ಮುಕ್ಕಾಲು ಕಿಲೋ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಹಾಗಾದರೆ ವಿದ್ಯುತ್ ಎಲ್ಲಿಂದ ಬರಬೇಕು ಎಂದು ತೀರ್ಮಾನಿಸುವವರು ಯಾರು? ಅವರಿಗೆ ಹೇಳುವವರು ಯಾರು? ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ಆರಿಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಹವಾಮಾನದ ಉತ್ತರ ಎಂದು ಮಕ್ಕಳಿಗೆ ಮಾರಬಾರದು. ಅವರಿಗೆ ಲೆಕ್ಕ ಬರುತ್ತದೆ.

ಇಲ್ಲಿ ನನ್ನದೇ ಒಂದು ತಪ್ಪು ಹೇಳಿಕೊಳ್ಳಬೇಕು. ಪಾಠ ಹೇಳಲು ಶುರು ಮಾಡಿದ ಮೊದಲ ವರ್ಷಗಳಲ್ಲಿ ಪ್ರತಿಯೊಬ್ಬರ ಮನೆಯ ಕಾರ್ಬನ್ ಹೆಜ್ಜೆಗುರುತನ್ನು, ಅಂದರೆ ಆ ಮನೆಯವರ ಬದುಕಿನಿಂದ ಎಷ್ಟು ಹೊಗೆ ಆಗುತ್ತದೆ ಅನ್ನುವುದನ್ನು, ಲೆಕ್ಕ ಹಾಕಿಸಿ ತರಗತಿಯಲ್ಲಿ ಓದಿಸಿದೆ. ವಿಮಾನದಲ್ಲಿ ಓಡಾಡುವ ಮನೆಯ ಹುಡುಗ ತಲೆ ತಗ್ಗಿಸಿ ಕೂತ. ಎಲ್ಲರಿಗಿಂತ ಕಡಿಮೆ ಬಂದ ಹುಡುಗಿ ಅದಕ್ಕಿಂತ ಜಾಸ್ತಿ ಕುಗ್ಗಿದಳು. ಅವಳ ಮನೆಯಲ್ಲಿ ಏನೇನು ಇಲ್ಲ ಅನ್ನುವುದು ಎಲ್ಲರಿಗೂ ಗೊತ್ತಾಗಿತ್ತಲ್ಲ. ಆವತ್ತೇ ಅದನ್ನು ಬಿಟ್ಟೆ. ಈಗ ಕಾಲ್ಪನಿಕ ಮನೆಗಳ ಪಟ್ಟಿ ಕೊಟ್ಟು ಲೆಕ್ಕ ಹಾಕಿಸುತ್ತೇನೆ. ಜಗತ್ತಿನ ಅತಿ ಹೆಚ್ಚು ಆದಾಯದ ಶೇ 10 ಜನರೇ ಸುಮಾರು ಅರ್ಧದಷ್ಟು ಹೊಗೆಗೆ ಕಾರಣ ಎಂಬುದನ್ನು ತೋರಿಸಲು ಅಷ್ಟು ಸಾಕು. ಶ್ರೀಮಂತ ದೇಶದಲ್ಲೂ ಬಡವರಿದ್ದಾರೆ, ಬಡ ದೇಶದಲ್ಲೂ ಖಾಸಗಿ ಜೆಟ್ ಇಟ್ಟವರಿದ್ದಾರೆ ಎಂದು ಮಕ್ಕಳೇ ಹೇಳುತ್ತಾರೆ. "ಶ್ರೀಮಂತ ದೇಶದವರು" ಎಂದ ನಿಮ್ಮ ಹುಡುಗನ ಮಾತಿನಲ್ಲಿ ಆ 'ದೇಶ' ಅನ್ನುವ ಪದ ಎಷ್ಟು ಮುಚ್ಚಿಡುತ್ತದೆ ನೋಡಿ.

ಅಂದ ಹಾಗೆ, 'ನಿಮ್ಮ ಕಾರ್ಬನ್ ಹೆಜ್ಜೆಗುರುತು ಎಷ್ಟು' ಎಂಬ ಪ್ರಶ್ನೆಯನ್ನು 2000ದ ದಶಕದ ಮೊದಲ ವರ್ಷಗಳಲ್ಲಿ ಮನೆಮನೆಗೆ ತಲುಪಿಸಿದವರಲ್ಲಿ ತೈಲ ಕಂಪನಿ ಬಿಪಿ ಮುಖ್ಯವಾದದ್ದು, ತನ್ನ ಜಾಹೀರಾತುಗಳ ಮೂಲಕ. ತೈಲ ಮಾರುವವರು ಕೊಳ್ಳುವವರನ್ನು ಕೇಳುವ ಪ್ರಶ್ನೆ! ರಿಚರ್ಡ್ ಹೀಡಿ ಎಂಬ ಸಂಶೋಧಕ 2014ರಲ್ಲಿ ಲೆಕ್ಕವನ್ನು ತಿರುಗಿಸಿ ಹಾಕಿದರು. 1751ರಿಂದ 2010ರವರೆಗಿನ ಕೈಗಾರಿಕಾ ಹೊಗೆಯಲ್ಲಿ ಶೇ 63ರಷ್ಟು 90 ತೈಲ, ಅನಿಲ, ಕಲ್ಲಿದ್ದಲು ಮತ್ತು ಸಿಮೆಂಟ್ ಉತ್ಪಾದಕರವರೆಗೆ ಹೋಗಿ ನಿಲ್ಲುತ್ತದೆ ಎಂದು ತೋರಿಸಿದರು. ಅವುಗಳಲ್ಲಿ ಸರ್ಕಾರಿ ಕಂಪನಿಗಳೂ ಇದ್ದವು. "ಆದರೆ ಸುಟ್ಟವರು ನಾವೇ ಅಲ್ವಾ?" ಎಂದು ಯಾರಾದರೂ ಕೇಳಿದರೆ ಅದೂ ಸರಿಯೇ. ಉತ್ಪಾದಕರ ಈ ಲೆಕ್ಕ ಐದನೆಯ ಅಳತೆಗೋಲು, ಅಷ್ಟೇ.

ಮೂರನೆಯ ಹುಡುಗಿಗೆ ಏನು ಹೇಳುವುದು? ನಾನಾಗಿದ್ದರೆ ಅವಳನ್ನೇ ಮೊದಲು ಮಾತಾಡಿಸುತ್ತಿದ್ದೆ. ಅವಳು ಒಬ್ಬಳೇ ಅಲ್ಲ. 10 ದೇಶಗಳ 16ರಿಂದ 25 ವಯಸ್ಸಿನ 10,000 ಯುವಜನರನ್ನು ಕೇಳಿ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಶೇ 59 ಮಂದಿ ಹವಾಮಾನದ ಬಗ್ಗೆ ತುಂಬಾ ಅಥವಾ ವಿಪರೀತ ಚಿಂತೆಯಿದೆ ಎಂದಿದ್ದರು. "ಏನೂ ಆಗಲ್ಲ ಬಿಡು" ಅನ್ನಬೇಡಿ, ಅದು ಸುಳ್ಳು. "ಎಲ್ಲಾ ಮುಗಿಯಿತು" ಅನ್ನುವುದೂ ಅಷ್ಟೇ ಸುಳ್ಳು. ತೊಟ್ಟಿಯ ಚಿತ್ರವನ್ನೇ ಮತ್ತೆ ತೋರಿಸಿ. ಲಕ್ಷ ಕೋಟಿ ಟನ್ನಿಗೆ 0.45 ಡಿಗ್ರಿ ಅನ್ನುವ ಲೆಕ್ಕ ಎರಡೂ ಕಡೆ ನಡೆಯುತ್ತದೆ. ಬಿಡದೆ ಉಳಿಸಿದ ಪ್ರತಿ ಟನ್ನೂ ಅಷ್ಟಷ್ಟು ಬಿಸಿಯನ್ನು ತಪ್ಪಿಸುತ್ತದೆ. ದಾಟದಿರಲು ಪ್ರಯತ್ನಿಸೋಣ ಎಂದು ಪ್ಯಾರಿಸ್ ಒಪ್ಪಂದದಲ್ಲಿ ಹೇಳಿದ 1.5 ಡಿಗ್ರಿ ಅನ್ನುವುದು ಕಣಿವೆಯ ಅಂಚಲ್ಲ. 1.6 ಎಂಬುದು 1.7ಕ್ಕಿಂತ ಮೇಲು. ನಮ್ಮ ಹೊಗೆ ನಿವ್ವಳ ಸೊನ್ನೆಗೆ ಬಂದರೆ, ಅಂದರೆ ನಾವು ಬಿಟ್ಟಷ್ಟನ್ನೂ ನಾವೇ ಗಾಳಿಯಿಂದ ತೆಗೆಯುವ ಹಾಗಾದರೆ, ಬಿಸಿ ಏರುವುದು ಹೆಚ್ಚುಕಡಿಮೆ ಅಲ್ಲಿಗೇ ನಿಲ್ಲುತ್ತದೆ ಎಂದೂ ವಿಜ್ಞಾನಿಗಳು ಹೇಳುತ್ತಾರೆ. ಇಳಿಯುವುದಿಲ್ಲ, ಆದರೆ ನಿಲ್ಲುತ್ತದೆ. ಮಕ್ಕಳಿಗೆ ಈ ಒಂದು ಮಾತನ್ನು ಯಾರೂ ಹೇಳಿರುವುದಿಲ್ಲ.

ಅವಳಿಗೆ ಒಂದು ನಿಜ ಕಥೆಯನ್ನೂ ಹೇಳಿ. ಪೆಸಿಫಿಕ್ ಸಾಗರದಲ್ಲಿ ವನುವಾಟು ಎಂಬ ದ್ವೀಪ ದೇಶವಿದೆ. ಜನಸಂಖ್ಯೆ ಮೂರು ಲಕ್ಷ ಚಿಲ್ಲರೆ. ಅವರು ಬಿಡುವ ಹೊಗೆ ಯಾವ ಪಟ್ಟಿಯಲ್ಲೂ ಕಣ್ಣಿಗೆ ಬೀಳುವುದಿಲ್ಲ, ಸಮುದ್ರ ಮಾತ್ರ ಅವರ ಅಂಗಳಕ್ಕೆ ಬರುತ್ತಿದೆ. 2019ರಲ್ಲಿ ಅಲ್ಲಿನ ಕಾನೂನು ಓದುವ 27 ವಿದ್ಯಾರ್ಥಿಗಳು, ಹವಾಮಾನದ ವಿಷಯದಲ್ಲಿ ದೇಶಗಳ ಕರ್ತವ್ಯ ಏನು ಎಂದು ಅಂತರರಾಷ್ಟ್ರೀಯ ನ್ಯಾಯಾಲಯವನ್ನೇ ಕೇಳೋಣ ಎಂದು ಹೊರಟರು. ಸರ್ಕಾರವನ್ನು ಒಪ್ಪಿಸಿದರು. ಸರ್ಕಾರ ಬೇರೆ ದೇಶಗಳನ್ನು ಒಪ್ಪಿಸಿತು. 2023ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಅದಕ್ಕೆ ಒಮ್ಮತದಿಂದ ಹೂಂ ಎಂದಿತು. 2025ರ ಜುಲೈ 23ರಂದು ಹೇಗ್‌ನಲ್ಲಿರುವ ಆ ನ್ಯಾಯಾಲಯದ ನ್ಯಾಯಾಧೀಶರೆಲ್ಲ ಒಮ್ಮತದಿಂದ ಅಭಿಪ್ರಾಯ ಕೊಟ್ಟರು. ಹವಾಮಾನವನ್ನು ಕಾಪಾಡುವುದು ದೇಶಗಳ ಕಾನೂನಿನ ಕರ್ತವ್ಯ, ಅದನ್ನು ಮೀರಿದರೆ ಹೊಣೆ ಹೊರಬೇಕಾಗುತ್ತದೆ ಎಂದರು. ಇದು ಸಲಹೆಯ ರೂಪದ ಅಭಿಪ್ರಾಯ, ಯಾರನ್ನೂ ನೇರವಾಗಿ ಕಟ್ಟಿಹಾಕುವುದಿಲ್ಲ. ಅದನ್ನೂ ಮುಚ್ಚಿಡಬೇಡಿ. ಆದರೆ ತರಗತಿಯಿಂದ ಹೊರಟ ಒಂದು ಪ್ರಶ್ನೆ ಅಲ್ಲಿಗೆ ಮುಟ್ಟಿತು.

ಇಷ್ಟಕ್ಕೆಲ್ಲ ನಾಲ್ಕು ಪೀರಿಯಡ್ ಬೇಕು. ಎರಡೇ ಸಿಗುವುದಾದರೆ ತೊಟ್ಟಿ ಮತ್ತು ಹೆಸರಿಲ್ಲದ ಪಟ್ಟಿ ಮಾಡಿ, ಉಳಿದದ್ದು ಬಿಡಿ. ಅಂಕ ಕೊಡುವಾಗ ಯಾರು ಯಾವ ದೇಶದ ಪರ ನಿಂತರು ಎಂದು ನೋಡಬೇಡಿ. ಯಾವ ಅಳತೆಗೋಲು ಹಿಡಿದಿದ್ದೇನೆ, ಯಾಕೆ ಹಿಡಿದಿದ್ದೇನೆ ಎಂದು ಬರೆದಿದ್ದರೆ ಅಂಕ ಕೊಡಿ. ತನಗೆ ವಿರುದ್ಧವಾದ ಒಂದು ಅಂಕಿಯನ್ನು ತಾನೇ ಬರೆದವರಿಗೆ ಒಂದು ಜಾಸ್ತಿ.

ಕೊನೆಯ ಪೀರಿಯಡ್ಡಿನಲ್ಲಿ ಒಂದು ಪುಟ್ಟ ಹವಾಮಾನ ಸಭೆ ಮಾಡಿಸಿ. ಕ್ಲೈಮೇಟ್ ಇಂಟರ್‌ಆಕ್ಟಿವ್ ಎಂಬ ಸಂಸ್ಥೆ ಮತ್ತು ಎಂಐಟಿ ಸೇರಿ ಮಾಡಿದ 'ವರ್ಲ್ಡ್ ಕ್ಲೈಮೇಟ್' ಎಂಬ ಆಟ ಉಚಿತವಾಗಿ ಸಿಗುತ್ತದೆ. ಕಂಪ್ಯೂಟರ್ ಇಲ್ಲದಿದ್ದರೆ ಚೀಟಿ ಸಾಕು. ದೇಶಗಳ ಹೆಸರು ಬರೆದು ಎತ್ತಿಸಿ. ಯಾರಿಗೂ ತಮಗೆ ಬೇಕಾದ ದೇಶ ಸಿಗಬಾರದು. ನಿಮ್ಮ ಫ್ಯಾನ್ ಹುಡುಗನಿಗೆ ಅಮೆರಿಕ ಬರಲಿ. ಚೀನಾವನ್ನು ಕೇಳಿ ಅಂದ ಹುಡುಗಿಗೆ ಚೀನಾವೇ ಬರಲಿ. ಗಂಟೆ ಹೊಡೆದ ಮೇಲೆ ಬಂದವಳಿಗೆ ವನುವಾಟು. ಚೀಟಿ ಎತ್ತಿಸುವಾಗ ನೀವು ಸ್ವಲ್ಪ ಮೋಸ ಮಾಡಬೇಕಾಗುತ್ತದೆ. ನಾನು ಪ್ರತಿ ಸಲ ಮಾಡುತ್ತೇನೆ.